ನರಿ ತೋರಿಸಿದ ಕೊಳೆ ನೀರು

ಒಂದು ಕಾಡಿನಲ್ಲಿ ಪ್ರಾಣಿಗಳಿಗೆಲ್ಲ ಸೇರಿ ಒಂದೇ ಹೆರಿಗೆ ಮನೆ ಇತ್ತು. ಹಿಂದೆ ಅದು ಮನುಷ್ಯರ ಅತಿಥಿಗೃಹವಾಗಿತ್ತು. ಅವರು ಬಿಟ್ಟು ಹೋದ ಮೇಲೆ ಅದರ ಹಜಾರವನ್ನು ಪ್ರಾಣಿಗಳು ಇಟ್ಟುಕೊಂಡವು. ಹಜಾರದ ನೆಲ ನುಣುಪಾದ ಕಲ್ಲಿನದು. ಮೂಲೆಯಲ್ಲಿ ನೆಲ ಉಜ್ಜುವ ಒಂದು ಯಂತ್ರವೂ ಉಳಿದಿತ್ತು. ಸೂರಿನ ಮೇಲಿನ ಸೋಲಾರಿನಿಂದ ಅದರ ಬ್ಯಾಟರಿ ತುಂಬುತ್ತಿತ್ತು. ಯಂತ್ರ ಮುಂದುಗಡೆ ನೀರು ಬಿಟ್ಟು ಬ್ರಷ್ಷಿನಿಂದ ಉಜ್ಜುತ್ತಿತ್ತು. ಹಿಂದುಗಡೆ ರಬ್ಬರ್ ಪಟ್ಟಿಯಿಂದ ಕೊಳೆ ನೀರನ್ನು ಬಳಿದು ಟ್ಯಾಂಕಿಗೆ ಎಳೆದುಕೊಳ್ಳುತ್ತಿತ್ತು.

ಕಾಡಿಗೆ ಇಂಥ ಯಂತ್ರ ಯಾಕೆ ಎಂದು ನೀವು ಕೇಳಬಹುದು. ಮನುಷ್ಯರ ಮಗು ತಿಂಗಳುಗಟ್ಟಲೆ ಮಲಗಿರುತ್ತದೆ. ಜಿಂಕೆಯ ಮರಿ ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ನಿಲ್ಲಬೇಕು. ನೆಲ ಜಾರಿದರೆ ಅದರ ಎಳೆಯ ಕಾಲುಗಳು ಮುರಿದೇ ಹೋಗುತ್ತವೆ. ಪುಟ್ಟತಾಯಿ ಎಂಬ ಜಿಂಕೆಯ ಮರಿ ಹಿಂದಿನ ವರ್ಷ ಹಾಗೆ ಜಾರಿ ಬಿತ್ತು. ಮತ್ತೆ ಏಳಲಿಲ್ಲ. ಆಗ ಯಂತ್ರ ನಡೆಸುವವರು ಯಾರೂ ಇರಲಿಲ್ಲ. ಅದಾದ ಮೇಲೆಯೇ ಹೆರಿಗೆ ಮನೆಯ ಯಜಮಾನಿ, ಆನೆ ಭಾಗೀರಥಮ್ಮ, ನರಿ ಕೆಂಚಪ್ಪನನ್ನು ಆ ಕೆಲಸಕ್ಕೆ ಇಟ್ಟುಕೊಂಡಿತು.

"ಕೇಳು ಕೆಂಚಪ್ಪ," ಎಂದಿತು ಆನೆ. "ದಿನಾ ಸಂಜೆ ಕೊಳೆ ನೀರು ಚೆಲ್ಲಬೇಕು. ಟ್ಯಾಂಕು ತೊಳೆದು ಮುಚ್ಚಳ ತೆಗೆದಿಡಬೇಕು. ಬ್ರಷ್ಷು ಬಿಚ್ಚಿ ತೊಳೀಬೇಕು. ರಬ್ಬರ್ ಪಟ್ಟೀನ ನೆಲದಿಂದ ಎತ್ತಿ ನಿಲ್ಲಿಸಬೇಕು, ಇಲ್ಲಾಂದ್ರೆ ಸೊಟ್ಟಗಾಗಿಬಿಡುತ್ತೆ."

"ಆಗಲಿ ಅಮ್ಮಾ. ಹೆತ್ತ ಮಕ್ಕಳ ಹಾಗೆ ನೋಡ್ಕೋತೀನಿ," ಎಂದಿತು ನರಿ.

ನರಿ ತನ್ನ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತದೆ ಎಂದು ಆನೆ ವಿಚಾರಿಸಲಿಲ್ಲ.

ಮೊದಲ ದಿನ ನರಿ ನಿಜವಾಗಿಯೂ ಮೈಮುರಿದು ದುಡಿಯಿತು. ಬಹಳ ಕಾಲದ ಕೊಳೆಯೆಲ್ಲ ಕಿತ್ತು ಬಂತು. ಆನೆಗೆ ಹಜಾರದ ಬಾಗಿಲು ಚಿಕ್ಕದು, ಒಳಗೆ ಹೋಗಲಾಗದು. ಅದಕ್ಕೆ ಸಂಜೆ ನರಿಯೇ ಯಂತ್ರವನ್ನು ಹೊರಗೆ ತಂದು ಟ್ಯಾಂಕಿನ ಮುಚ್ಚಳ ತೆಗೆದು ತೋರಿಸಿತು. ನೀರು ಕಾಡಿಗೆಯಂತೆ ಕಪ್ಪಗಿತ್ತು.

"ಭೇಷ್! ಎಷ್ಟು ಕೊಳೆ ತೆಗೆದಿದ್ದೀಯ!" ಎಂದು ಆನೆ ನರಿಗೆ ಒಂದು ಜೇನುಹುಟ್ಟು ಕೊಟ್ಟಿತು.

ಎರಡನೆಯ ದಿನವೂ ನರಿ ನೆಲ ಉಜ್ಜಿತು. ನೆಲ ಆಗಲೇ ಚೊಕ್ಕಟವಾಗಿದ್ದರಿಂದ ಟ್ಯಾಂಕಿನ ನೀರು ತಿಳಿಯಾಗಿಯೇ ಉಳಿಯಿತು. ಆನೆ ಇಣುಕಿ ನೋಡಿ ಮುಖ ಗಂಟು ಹಾಕಿಕೊಂಡಿತು.

"ಏನಪ್ಪ, ಇವತ್ತು ಮೈಗಳ್ಳತನ ಮಾಡಿದ ಹಾಗಿದೆ?"

ಆ ದಿನ ಜೇನು ಸಿಗಲಿಲ್ಲ. ನರಿ ಕುಳಿತು ಯೋಚಿಸಿತು. ಈ ಯಜಮಾನಿಗೆ ಬೇಕಾದದ್ದು ಕೊಳೆ ನೀರು. ಕೊಳೆ ನೀರಿಗೆ ನೆಲ ಯಾಕೆ ಉಜ್ಜಬೇಕು? ಕೆರೆಯ ಕೆಸರು ಸಾಲದೇ?

ಅಂದಿನಿಂದ ನರಿ ಯಂತ್ರವನ್ನು ನಡೆಸುವುದನ್ನೇ ಬಿಟ್ಟಿತು. ಟ್ಯಾಂಕಿಗೆ ಒಂದಿಷ್ಟು ಕೆಸರು ಕಲಸಿ ಅದೇ ನೀರನ್ನು ದಿನವೂ ತೋರಿಸಿತು, ದಿನವೂ ಜೇನು ನೆಕ್ಕಿತು. ನೀರು ಚೆಲ್ಲಿದರೆ ಮತ್ತೆ ಕೆಸರು ಹೊರಬೇಕು, ಹಾಗಾಗಿ ಚೆಲ್ಲಲೇ ಇಲ್ಲ. ನೀರು ಕೊಳೆತು ಲೋಳೆ ಕಟ್ಟಿತು. ಬ್ರಷ್ಷು ಗಟ್ಟಿಯಾಯಿತು. ರಬ್ಬರ್ ಪಟ್ಟಿ ನೆಲಕ್ಕೆ ಒತ್ತಿಕೊಂಡೇ ಇದ್ದು ಸೊಟ್ಟಗಾಗಿ ಬಿರುಕು ಬಿಟ್ಟಿತು. ಹಜಾರದ ನೆಲದ ಮೇಲೆ ಜಿಡ್ಡು ಕೂತಿತು.

ಪುಟ್ಟತಾಯಿ ಮತ್ತೆ ತುಂಬು ಬಸುರಿ. ಒಂದು ದಿನ ಹಜಾರ ನೋಡಲು ಬಂದು ಬಾಗಿಲಲ್ಲೇ ಮುಗ್ಗರಿಸಿತು.

"ಅಣ್ಣಾ, ನೆಲ ಯಾಕೋ ಜಾರ್ತಾ ಇದೆಯಲ್ಲ?"

"ಅದು ಹೊಳಪು ಕಣಮ್ಮ. ಉಜ್ಜಿ ಉಜ್ಜಿ ಕನ್ನಡಿ ಆಗಿಬಿಟ್ಟಿದೆ!"

"ಈ ಸಲ ನನ್ನ ಮಗು ಎದ್ದು ನಿಲ್ಲಬೇಕು ಅಣ್ಣಾ. ನಂಗೆ ಬೇರೇನೂ ಬೇಡ."

"ನಿಲ್ಲುತ್ತೆ ಬಿಡು. ನಾನಿದ್ದೀನಲ್ಲ," ಎಂದಿತು ನರಿ.

ಕೆಲವೇ ದಿನಗಳಲ್ಲಿ ಪುಟ್ಟತಾಯಿಗೆ ನೋವು ಶುರುವಾಯಿತು. ಆನೆ ಅದನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿತು.

"ಕೆಂಚಪ್ಪ, ಬೇಗ ಇನ್ನೊಂದು ಸಲ ಉಜ್ಜಿಬಿಡು. ನಾನಿಲ್ಲೇ ನಿಂತಿರ್ತೀನಿ."

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ನರಿ ಯಂತ್ರ ಚಾಲೂ ಮಾಡಿತು. ಬ್ರಷ್ಷು ಕರಕರ ಸದ್ದು ಮಾಡಿ ಜಿಡ್ಡನ್ನು ಎಬ್ಬಿಸಿತು. ಸೊಟ್ಟ ಪಟ್ಟಿ ಅದನ್ನು ಬಳಿಯಲಿಲ್ಲ. ಟ್ಯಾಂಕು ಆಗಲೇ ತುಂಬಿತ್ತು, ಯಂತ್ರದ ಕುಲುಕಾಟಕ್ಕೆ ಅದರಲ್ಲಿದ್ದ ಕೊಳೆತ ನೀರು ಉಕ್ಕಿ ಹಜಾರದ ತುಂಬ ಹರಡಿತು. ನರಿ ಓಡಲು ನೋಡಿತು. ಕಾಲು ಜಾರಿ ದೊಪ್ಪನೆ ಬಿತ್ತು. ಎದ್ದಿತು, ಮತ್ತೆ ಬಿತ್ತು. ಕೊನೆಗೆ ಸೊಂಟ ಉಳುಕಿ ಆ ಲೋಳೆಯಲ್ಲೇ ಕೂತು ಊಳಿಟ್ಟಿತು. ಆನೆ ಸೊಂಡಿಲು ಚಾಚಿ, ಬಾಲ ಹಿಡಿದು ಹೊರಗೆ ಎಳೆದು ಹಾಕಿತು.

"ಅಮ್ಮಾ, ಇಲ್ಲಿ ಆಗೋದಿಲ್ಲ," ಎಂದಿತು ಪುಟ್ಟತಾಯಿ. ಅದಕ್ಕೆ ಹೆಚ್ಚು ಮಾತಾಡುವ ಶಕ್ತಿ ಇರಲಿಲ್ಲ.

ಹೊರಗೆ ಚಿರತೆಯ ಭಯ. ಆದರೂ ಬೇರೆ ದಾರಿಯಿಲ್ಲ. ಆನೆ ಅಂಗಳದ ಒಣ ಮಣ್ಣಿನ ಮೇಲೆ ನಾಲ್ಕು ಕಾಲು ಊರಿ ನಿಂತಿತು. ಅದರ ಹೊಟ್ಟೆಯ ಕೆಳಗೆ ಪುಟ್ಟತಾಯಿ ಮರಿ ಹಾಕಿತು. ಮರಿ ಒಮ್ಮೆ ತಡವರಿಸಿತು, ಇನ್ನೊಮ್ಮೆ ತಡವರಿಸಿತು. ಮೂರನೆಯ ಸಲ ಎದ್ದು ನಿಂತಿತು. ಪುಟ್ಟತಾಯಿ ಅದನ್ನು ನೆಕ್ಕುತ್ತಾ ಅತ್ತಿತು.

ನರಿಯ ಕೆಲಸ ಅಂದೇ ಹೋಯಿತು. ಮೈಗೆ ಹತ್ತಿದ ನಾತ ಮಾತ್ರ ಹೋಗಲಿಲ್ಲ. ನರಿ ಬರುವ ವಾಸನೆ ದೂರದಿಂದಲೇ ಮೂಗಿಗೆ ಬಡಿದು ಮೊಲಗಳು ಬಿಲ ಸೇರುತ್ತಿದ್ದವು. ನರಿ ಉಪವಾಸ ಬಿದ್ದು ಬೇರೆ ಕಾಡಿಗೆ ಹೋಯಿತು.

ಆನೆಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ. "ಎಂಥ ಮೋಸಗಾರ! ದಿನಾ ನನ್ನ ಕಣ್ಣಿಗೆ ಮಣ್ಣೆರಚಿದ ನೋಡು," ಎಂದಿತು.

"ಹೌದಮ್ಮ, ಮೋಸ ಅವನದೇ," ಎಂದಿತು ಪುಟ್ಟತಾಯಿ. "ಆದರೆ ನೀವು ದಿನಾ ಟ್ಯಾಂಕಿನೊಳಗೇ ನೋಡಿದ್ರಿ. ಆ ನೆಲದ ಮೇಲೆ ಕಾಲಿಡೋ ನಮ್ಮನ್ನ ಒಂದು ದಿನಾನೂ ಕೇಳಲಿಲ್ಲ."

ಆನೆ ಯಂತ್ರವನ್ನು ತಾನೇ ಕೆರೆಯ ಹತ್ತಿರ ಎಳೆದುಕೊಂಡು ಹೋಗಿ ತೊಳೆಯತೊಡಗಿತು.

ನೀತಿ: ಮೋಸದ ಕೆಲಸ ಮಾಡಿದವನು ಅದರಲ್ಲೇ ಜಾರಿ ಬೀಳುತ್ತಾನೆ, ತೋರಿಕೆಗೆ ಬಹುಮಾನ ಕೊಡುವ ಯಜಮಾನನಿಗೆ ತೋರಿಕೆಯೇ ಸಿಗುತ್ತದೆ.