ಮೂರನೇ ದಂಡಿನ ನಾಣ್ಯ

ಹೊಳೆ ದಂಡೆಯ ಗುರುಮನೆಯಲ್ಲಿ ವೀರಭದ್ರಾಚಾರ್ಯರು ನಾಣ್ಯದ ಅಚ್ಚು ಕೆತ್ತುವುದನ್ನು ಕಲಿಸುತ್ತಿದ್ದರು. ಶಿಷ್ಯ ಮೌನೇಶನಿಗೆ ಅಲ್ಲಿ ಆರನೇ ವರ್ಷ. ಅವನು ಸ್ವಂತವಾಗಿ ಕೆತ್ತಿದ ಅಚ್ಚನ್ನು ಗುರುಗಳು ಒಪ್ಪಿದರೆ ಅವರ ಕೈಯಿಂದಲೇ ಉಳಿ ಸಿಗುತ್ತದೆ, ಅಲ್ಲಿಗೆ ಅವನೂ ಆಚಾರಿ. ಇಲ್ಲವೆಂದರೆ ಇನ್ನೊಂದು ವರ್ಷ ಕುಲುಮೆ ಊದಬೇಕು.

ಆ ಸಲ ದೇವಿಯ ಪಲ್ಲಕ್ಕಿ ಹೊರುವ ಎಂಟು ಜನರಿಗೆ ಗುಡಿಯವರು ಬೆಳ್ಳಿ ನಾಣ್ಯ ಕೊಡುವುದೆಂದು ಆಯಿತು. ಮುಂಬದಿಗೆ ದೇವಿ, ಅದು ಗುರುಗಳ ಪಾಲು. ಹಿಂಬದಿಗೆ ಹೊರುವವರು, ಅದು ಮೌನೇಶನ ಪಾಲು, ಅದೇ ಅವನ ಪರೀಕ್ಷೆ.

ಅವನಿಗೆ ಮೈಯೆಲ್ಲ ಉರಿ. ಆರು ವರ್ಷ ಬೆವರು ಸುರಿಸಿದ್ದು ಹಿಂಬದಿಗಾ ಎಂದು ಗೊಣಗುತ್ತಲೇ ನಾಲ್ಕು ದಿನದಲ್ಲಿ ಕೆತ್ತಿ ಮುಗಿಸಿದ.

ಗುರುಗಳು ಅಚ್ಚನ್ನು ಅರಗಿಗೆ ಒತ್ತಿ ನೋಡಿದರು. ಪಲ್ಲಕ್ಕಿ ಚೆಂದವಿತ್ತು. ಹೊರುವವರು ಮಾತ್ರ ಏಳೇ ಜನ.

"ಜಾಗ ಸಾಲಲಿಲ್ಲ ಗುರುಗಳೇ. ಹಿಂಬದಿಯಲ್ಲಿ ಯಾರು ಎಣಿಸ್ತಾರೆ?"

ಗುರುಗಳು ಬೈಯಲಿಲ್ಲ. ಪೆಟ್ಟಿಗೆಯಿಂದ ರೋಮಿನ ಹಳೇ ಬೆಳ್ಳಿ ನಾಣ್ಯವೊಂದನ್ನು ತೆಗೆದು ಅವನ ಅಂಗೈಗೆ ಹಾಕಿದರು. ಹೆಬ್ಬೆರಳಿನ ಉಗುರಿನಷ್ಟು ಅಗಲ. ಒಂದು ಬದಿಗೆ ಆ ನಾಡಿನ ದೇವರು. ಇನ್ನೊಂದು ಬದಿಗೆ ಎರಡು ಬಾವುಟಗಂಬಗಳ ನಡುವೆ ಹದ್ದು, ಅಡಿಯಲ್ಲಿ ಮೂರು ಗೀಟು.

ಮೌನೇಶ ಅದನ್ನು ಬಿಸಿಲಿಗೆ ಹಿಡಿದ. ಸಿಟ್ಟು ಎಲ್ಲಿ ಹೋಯಿತೋ ಏನೋ. ಇಷ್ಟೇ ಇಷ್ಟು ಜಾಗದಲ್ಲಿ ಹದ್ದಿನ ಗರಿ ಒಂದೊಂದೂ ಬೇರೆ ಕಾಣುತ್ತಿತ್ತು. ಅಬ್ಬಾ, ಎಂಥ ಕೈ ಎಂದುಕೊಂಡ. ಕೆತ್ತಿದವರು ಯಾರೆಂದು ಕೇಳಿದ. ಹೆಸರು ಗೊತ್ತಿಲ್ಲ ಎಂದರು ಗುರುಗಳು. ಗೀಟುಗಳು ಏನೆಂದು ಕೇಳಿದ.

"ಮೂರನೇ ದಂಡು. ಅದರ ಸಿಪಾಯಿಗಳಿಗೆ ಸಂಬಳವಾಗಿ ಕೊಟ್ಟದ್ದು. ಕೈಗೆ ಬಂದಾಗ ಅವರು ಮೊದಲು ಯಾವ ಬದಿ ನೋಡಿರಬಹುದು?"

ಮೌನೇಶ ನಾಣ್ಯ ತಿರುಗಿಸಿ ಮತ್ತೆ ಆ ಮೂರು ಗೀಟು ನೋಡಿದ.

ಅಚ್ಚು ನೋಡಲು ಬಂದು ಬಾಗಿಲಾಚೆ ಕೂತಿದ್ದವನನ್ನು ಗುರುಗಳು ಕರೆದರು. ಪಲ್ಲಕ್ಕಿಯ ಹಿಂದಿನ ಕೊನೆಯಲ್ಲಿ ಹೊರುವ ಎಂಟನೆಯವನು, ಹಾಲಪ್ಪ, ಒಳಗೆ ಬಂದ. ಮೂವತ್ತು ವರ್ಷ ಹೊತ್ತು ಹೆಗಲು ಜಡ್ಡುಗಟ್ಟಿದ ಮುದುಕ. ನಾಣ್ಯದಲ್ಲಿ ನಮ್ಮನ್ನೂ ಕೆತ್ತಿದ್ದೀರಂತಲ್ಲ, ನಾನು ಎಲ್ಲಿದ್ದೇನೆ ತೋರಿಸಿ ಎಂದು ಆಸೆಯಿಂದ ಕೇಳಿದ.

ಮೌನೇಶನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ನಿಮ್ಮನ್ನೇ ಬಿಟ್ಟುಬಿಟ್ಟೆ ಹಾಲಪ್ಪಜ್ಜ. ತಪ್ಪಾಯ್ತು."

ಅಚ್ಚನ್ನು ತಾನೇ ಕುಲುಮೆಗೆ ಹಾಕಿದ. ಅಜ್ಜನನ್ನು ಬೆಳಕಿನಲ್ಲಿ ನಿಲ್ಲಲು ಬೇಡಿಕೊಂಡು, ಹೊಸ ಕಬ್ಬಿಣ ಹಿಡಿದು ಎದುರಿಗೆ ಕೂತ.

ಗುರುಗಳು ತಮ್ಮ ಉಳಿಯನ್ನು ಅವನ ಕೈಯಲ್ಲಿಟ್ಟರು.

"ಕಾಲಿನಿಂದ ಶುರುಮಾಡು. ಭಾರ ಬೀಳೋದು ಅಲ್ಲೇ."