ಬಾವುಟ ಹಿಡಿದಿದ್ದ ಗಂಟು

ಗಣರಾಜ್ಯೋತ್ಸವದ ಬೆಳಿಗ್ಗೆ ಶಾಲೆಯ ಧ್ವಜಸ್ತಂಭದಲ್ಲಿ ಎರಡು ಗಂಟುಗಳಿದ್ದವು. ಹಗ್ಗವನ್ನು ಕಂಬದ ಬುಡಕ್ಕೆ ಬಿಗಿದದ್ದು ಕಗ್ಗಂಟು. ಮೇಲೆ ತುದಿಯಲ್ಲಿ, ಹೂವಿನ ಎಸಳು ತುಂಬಿ ಮಡಿಸಿದ ಬಾವುಟವನ್ನು ಹಿಡಿದದ್ದು ಜಾರುಗಂಟು.

"ಒಮ್ಮೆ ಎಳೆದರೆ ಬಿಚ್ಚಿಕೊಳ್ಳುವ ನೀನೂ ಒಂದು ಗಂಟೇ?" ಎಂದು ಕಗ್ಗಂಟು ಕೇಳಿತು. "ಹಲ್ಲು ಹಾಕಿದರೂ ನಾನು ಸಡಿಲುವುದಿಲ್ಲ. ಇವತ್ತು ಇಡೀ ಊರು ನೆರೆದಿದೆ. ಬಿಗಿಯಾಗಿ ನಿಲ್ಲು, ಎಲ್ಲರೂ ನಿನ್ನನ್ನೇ ನೋಡುತ್ತಾರೆ."

ಆ ಮಾತು ಜಾರುಗಂಟಿಗೆ ಹಿಡಿಸಿತು. ಅದು ಮೈ ಬಿಗಿದುಕೊಂಡಿತು.

ಆ ಸಲ ಬಾವುಟ ಹಾರಿಸಲು ಊರಿನವರು ಕರೆದದ್ದು ಮುದುಕಿ ಸೂಲಗಿತ್ತಿ ದ್ಯಾಮವ್ವನನ್ನು. ಅಲ್ಲಿ ನಿಂತವರಲ್ಲಿ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಅವಳು ಹಗ್ಗ ಎಳೆದಳು. ಬಾವುಟ ಬಿಚ್ಚಿಕೊಳ್ಳಲಿಲ್ಲ. ಜನರೆಲ್ಲ ತಲೆಯೆತ್ತಿ ಗಂಟನ್ನೇ ನೋಡಿದರು.

"ಕಂಡೆಯಾ?" ಎಂದಿತು ಕಗ್ಗಂಟು.

ದ್ಯಾಮವ್ವ ಮತ್ತೆ ಎಳೆದಳು. ಆ ಎಳೆತ ಹಗ್ಗದುದ್ದಕ್ಕೂ ಮೇಲೆ ಹತ್ತಿ ಬಂತು. "ಬಾ ನನ್ನಪ್ಪಾ, ಹೊತ್ತಾತು," ಎಂದಳು. ಹೀಗೆ ಕರೆದು ಕರೆದೇ ಅವಳು ಕೆಳಗೆ ನಿಂತ ಆ ಅರ್ಧ ಜನರನ್ನು ಭೂಮಿಗೆ ತಂದಿದ್ದಳು.

ಜಾರುಗಂಟು ಸಡಿಲಿತು. ಎಸಳುಗಳು ಅವಳ ಬಿಳಿ ತಲೆಯ ಮೇಲೆ ಉದುರಿದವು. ಬಾವುಟ ಹಾರಿತು, ರಾಷ್ಟ್ರಗೀತೆ ಶುರುವಾಯಿತು.

ಗೀತೆ ಮುಗಿದ ಮೇಲೆ ಕಗ್ಗಂಟು ಕೂಗಿತು: "ಮೂರ್ಖ! ಈಗ ನಿನ್ನನ್ನು ಯಾರು ನೋಡುತ್ತಾರೆ?"

ಮೇಲೆ ಗಂಟೇ ಇರಲಿಲ್ಲ, ಬಾವುಟವಿತ್ತು.