ಇಪ್ಪತ್ತನಾಲ್ಕು ಹಲ್ಲಿನ ಗರಗಸ

"ಗುರುಗಳೇ, ನಾನಿನ್ನು ಮನೆಗೆ ಹೋಗಬಹುದೇ?" ಎಂದು ಶಿಷ್ಯ ಕೇಳಿದ. ಗಂಟು ಕಟ್ಟಿಕೊಂಡೇ ಕೇಳಲು ಬಂದಿದ್ದ.

ಸಿಟ್ಟಿನ ಭರದಲ್ಲಿ ಮಗಳ ಕೈ ಮುರಿದ ಮೇಲೆ ಅವನು ಮಠ ಸೇರಿದ್ದ. ಅದಕ್ಕೆ ಎರಡು ವರ್ಷವಾಗಿತ್ತು.

"ಆಗ ದಿನಕ್ಕೆ ಹತ್ತು ಸಲ ಸಿಟ್ಟು ಬರುತ್ತಿತ್ತು. ಈಗ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಧ್ಯಾನದಿಂದ ಅದು ಮಂದವಾಗಿದೆ. ಮೊನ್ನೆ ಮಗಳು ನೋಡಲು ಬಂದಿದ್ದಳು. ಅಪ್ಪನ ಮುಖ ತಣ್ಣಗಾಗಿದೆ ಎಂದಳು. ಪಕ್ಕದಲ್ಲೇ ಕೂತಳು."

ಧ್ಯಾನದ ಪ್ರತಾಪವನ್ನು ಗುರುಗಳು ಬಹಳ ಜನರ ಬಾಯಲ್ಲಿ ಕೇಳಿದ್ದರು. ಹೊಗಳಲಿಲ್ಲ. ಕತೆ ಹೇಳಿದರು.

ಒಬ್ಬ ಮರ ಕೊಯ್ಯುವವನಿದ್ದ. ಅವನ ಗರಗಸ ಆಳೆತ್ತರದ ಉಕ್ಕಿನ ಚಕ್ರ. ಅಂಚಿಗೆ ಇಪ್ಪತ್ತನಾಲ್ಕು ಹಲ್ಲು. ಸ್ವಿಚ್ಚು ಆರಿಸಿದರೂ ಬಹಳ ಹೊತ್ತು ಸುಮ್ಮನೆ ತಿರುಗುತ್ತಿತ್ತು. ಪಕ್ಕದಲ್ಲಿ ಬೇರೆ ಯಂತ್ರಗಳ ಗದ್ದಲ. ಹಾಗಾಗಿ ಅವನು ಕಿವಿಯನ್ನು ನಂಬುತ್ತಿರಲಿಲ್ಲ, ಕಣ್ಣನ್ನು ನಂಬುತ್ತಿದ್ದ. ತಿರುಗುವ ಹಲ್ಲನ್ನು ಯಾರೂ ಎಣಿಸಲಾರರು. ಆದ್ದರಿಂದ ಆರಾರಾಗಿ ನಾಲ್ಕು ಸಲ ಎಣಿಸುತ್ತಿದ್ದ, ಆಮೇಲೆ ಕೈ ಚಾಚುತ್ತಿದ್ದ. ಮೂವತ್ತು ವರ್ಷ ಹೀಗೇ ನಡೆಯಿತು. ಹತ್ತೂ ಬೆರಳು ಉಳಿದಿದ್ದವು.

ಅವನ ಶೆಡ್ಡಿನಲ್ಲಿ ಹಗಲಲ್ಲೂ ಕತ್ತಲೆ. ದೀಪ ಮಾಡುವವನೊಬ್ಬ ಬಂದು ಎಲ್‌ಇಡಿ ದೀಪ ತೂಗುಹಾಕಿದ. ಬೆಳಕು ಉಕ್ಕಿನ ಮೇಲೆ ಬಿದ್ದು ಕಣ್ಣಿಗೆ ಚುಚ್ಚಿತು.

"ಏನಯ್ಯಾ, ದೀಪ ಹಾಕಿದ್ದೀಯೋ, ವೆಲ್ಡಿಂಗ್ ಮಾಡಿಸ್ತಿದ್ದೀಯೋ? ಸ್ವಲ್ಪ ಮಂದ ಮಾಡು."

ದೀಪದವನು ಸರ್ಕಿಟ್ಟಿನಲ್ಲಿ ಏನೋ ತಿರುಗಿಸಿದ. ಬೆಳಕು ಹಿತವಾಯಿತು.

"ಕರೆಂಟು ಕಡಿಮೆ ಮಾಡಿದೆಯಾ?"

"ಇಲ್ಲ ಯಜಮಾನರೇ. ಅದನ್ನು ಇಳಿಸಿದರೆ ಬೆಳಕಿನ ಬಣ್ಣ ಕೆಡುತ್ತೆ. ದೀಪದೊಳಗಿನ ಈ ಡ್ರೈವರ್ ಕೊಡೋದು ಯಾವಾಗಲೂ ಒಂದೇ ಕರೆಂಟು, ಪೂರ್ತಿ ಕರೆಂಟು. ನಾನು ಅದನ್ನು ಸೆಕೆಂಡಿಗೆ ಇನ್ನೂರು ಸಲ ತಡೆದು ಬಿಡ್ತೀನಿ, ಅಷ್ಟೆ. ಹೊತ್ತಿರೋದು ಕಡಿಮೆ, ಆರಿರೋದು ಹೆಚ್ಚು. ಹೊತ್ತಿದಾಗ ಮಾತ್ರ ಮೊದಲಿನಷ್ಟೇ ಉರಿ."

"ನನಗೆ ಹಾಗೆ ಕಾಣ್ತಿಲ್ಲವಲ್ಲ."

"ಕಾಣಬಾರದು ಅಂತಲೇ ಮಾಡಿರೋದು."

ಮರ ಕೊಯ್ಯುವವನು ನಕ್ಕ. ಕೆಲಸ ಮುಂದುವರಿಸಿದ.

ಒಂದು ಮಧ್ಯಾಹ್ನ ಗರಗಸದ ಬುಡದಲ್ಲಿ ಮರದ ತೊಗಟೆ ಸಿಕ್ಕಿಕೊಂಡಿತು. ಅವನು ಸ್ವಿಚ್ಚು ಆರಿಸಿ ಕಾದ. ಮೊದಲು ಚಕ್ರದ ಅಂಚು ಬರೀ ಮಂಜಿನಂತಿತ್ತು. ಬಳಿಕ ಆ ಮಂಜಿನೊಳಗಿಂದ ಹಲ್ಲುಗಳು ಮೂಡಿದವು. ನಿಧಾನವಾಗಿ ಮುಂದಕ್ಕೆ ತೆವಳಿದವು. ನಿಂತವು. ನಿಂತ ಗರಗಸದಿಂದ ಮುಖಕ್ಕೆ ಗಾಳಿ ಬೀಸುತ್ತಿತ್ತು. ಯಾರೋ ಕಿಟಕಿ ತೆರೆದಿರಬೇಕು ಎಂದುಕೊಂಡ. ಎಣಿಸಿದ. ಆರು, ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು. ಎಲ್ಲ ಇದ್ದವು. ಕೈ ಚಾಚಿದ.

ಹೋದ ವಾರ ಮರದೊಳಗಿನ ಮೊಳೆ ತಗುಲಿ ಒಂದು ಹಲ್ಲು ಮುರಿದಿತ್ತು. ಅದು ನೆನಪಾದಾಗ ಕೈ ಅರ್ಧ ದಾರಿ ದಾಟಿತ್ತು.

ಮೂರು ಬೆರಳು ಹೋದವು. ಸದ್ದೇನೂ ಆಗಲಿಲ್ಲ. ಅವನು ಕೈಯನ್ನು ಎದೆಗೊತ್ತಿ ನಿಂತು ನೋಡಿದ. ಗರಗಸ ಇನ್ನೂ ಅಲ್ಲಾಡದೆ ನಿಂತೇ ಇತ್ತು. ಇಪ್ಪತ್ತನಾಲ್ಕು ಹಲ್ಲೂ ಒಂದೇ ಸಮನೆ ಕೆಂಪಾಗಿದ್ದವು. ಆಮೇಲೆ, ಯಾರೂ ಮುಟ್ಟದಿದ್ದರೂ, ಅವು ಮೆಲ್ಲಗೆ ಹಿಂದಕ್ಕೆ ತೆವಳತೊಡಗಿದವು.

ದೀಪ ಹೊತ್ತಿದಾಗಲೆಲ್ಲ ಒಂದು ಹಲ್ಲಿನ ಜಾಗಕ್ಕೆ ಇನ್ನೊಂದು ಹಲ್ಲು ಬಂದಿರುತ್ತಿತ್ತು. ನಡುವಿನ ಓಟವೆಲ್ಲ ಕತ್ತಲಲ್ಲಿ ನಡೆಯುತ್ತಿತ್ತು. ಕಣ್ಣಿಗೆ ಸಿಕ್ಕಿದ್ದು ನಿಂತ ಗರಗಸ.

ಗುರುಗಳು ಕತೆ ನಿಲ್ಲಿಸಿದರು.

ಕತೆಯಲ್ಲಿ ತಪ್ಪಿತಸ್ಥನನ್ನು ಹುಡುಕುವುದು ಶಿಷ್ಯನಿಗೆ ಸುಲಭವಾಗಿ ಬರುತ್ತಿತ್ತು.

"ದೀಪದವನದೇ ತಪ್ಪು ಗುರುಗಳೇ. ಮಂದ ಮಾಡು ಅಂದರೆ ನಿಜವಾಗಿ ಮಂದ ಮಾಡಬೇಕಿತ್ತು," ಎಂದು ಹೇಳಿ ಗಂಟನ್ನು ಹೆಗಲಿಗೇರಿಸಿಕೊಂಡ. "ಹಾಗಾದರೆ ನಾನು ಹೊರಡಲೇ? ಮಗಳು ಕಾಯುತ್ತಿರುತ್ತಾಳೆ."

ಗುರುಗಳು ಕೇಳಿದರು: "ತಿಂಗಳಿಗೊಮ್ಮೆ ಬರುವ ನಿನ್ನ ಸಿಟ್ಟು, ಬಂದಾಗ ಎಷ್ಟಿರುತ್ತದೆ?"